ಎದುರಾಗತಕ್ಕದ್ದಲ್ಲ

ಬೀರಾನರು ಬಾಗಿಲು ತಳ್ಳಿ ಒಳಗೆ ಬಂದಾಗ ಅನಂತರಾಮು ಮಾಸ್ಟ್ರು ಕುರ್ಚಿಯ ಮೇಲೆ ನಿಂತು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದರು. ಬಾಯಲ್ಲಿ ಕಂದು ಟೇಪಿನ ತುಂಡೊಂದನ್ನು ಕಚ್ಚಿಕೊಂಡಿದ್ದರಿಂದ ಮಾತಾಡಲಾಗದೆ, ಕೂರಿ ಎಂದು ಕೈಯಲ್ಲೇ ತೋರಿಸಿದರು. ಬೀರಾನರು ಕೂರಲಿಲ್ಲ. ನಾಲ್ಕು ಮಹಡಿ ಹತ್ತಿ ಬಂದ ಏದುಸಿರು ತಣಿಯುವವರೆಗೆ ಗೋಡೆಗೆ ಕೈಕೊಟ್ಟು ನಿಂತರು.

"ಲಿಫ್ಟು ಹಾಳಾಗಿ ವಾರ ಆಯ್ತು ಬ್ಯಾರಿಗಳೇ," ಎಂದರು ಮಾಸ್ಟ್ರು, ಟೇಪನ್ನು ಕಿಟಕಿಗೆ ಒತ್ತಿ ಕೆಳಗಿಳಿಯುತ್ತ. "ರಿಪೇರಿ ಮಾಡಿಸಬೇಕಾದ ವಾಚ್‌ಮನ್ನೇ ಊರಿಗೆ ಓಡಿದ್ದಾನೆ."

"ಗಾಳಿ ಬರುವ ಕಿಟಕಿಗೆ ಎಂತ ಮಾಸ್ಟ್ರೇ ಇದು? ನನ್ನ ಹತ್ರ ಹೇಳಿದ್ರೆ ಒಳ್ಳೆ ಪರದೆ ಕೊಡ್ತಿದ್ದೆ."

"ನಿಮ್ಮ ಪರದೆ ವಿಷದ ಗಾಳಿ ತಡೀತದಾ?"

"ಗಿರಾಕಿ ಕೇಳಿದ್ರೆ ತಡೀತದೆ ಅಂತ್ಲೇ ಹೇಳುವುದು."

ಇಬ್ಬರೂ ನಕ್ಕರು. ನಗು ಬೇಗನೆ ಮುಗಿಯಿತು. ಅದು ಎರಡು ಸಾವಿರದ ಮೂರನೆಯ ಇಸವಿಯ ಮಾರ್ಚ್ ತಿಂಗಳು. ಉತ್ತರದ ಗಡಿಯಾಚೆ ಯುದ್ಧ ನಡೆಯುವುದೆಂದು ಕುವೈತಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ದಿನ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ವಿಷದ ಬಾಂಬು ಬಿದ್ದೀತೆಂಬ ಭಯಕ್ಕೆ ಸಾಲ್ಮಿಯಾದ ಅಂಗಡಿಗಳಲ್ಲಿ ಟೇಪು, ನೀರಿನ ಬಾಟಲಿ, ಮೇಣದಬತ್ತಿ ಸಿಗುತ್ತಿರಲಿಲ್ಲ. ಮಾಸ್ಟ್ರ ಹೆಂಡತಿ ಆಗಲೇ ಪುತ್ತೂರಿಗೆ ಹೋಗಿದ್ದರು. ಮಾಸ್ಟ್ರು ಮಾತ್ರ, ಶಾಲೆ ಮುಚ್ಚುವ ತನಕ ಪಾಠ ಮಾಡಬೇಕಲ್ಲ ಎಂದು ಉಳಿದುಕೊಂಡಿದ್ದರು.

"ನಿಮ್ಮಲ್ಲಿ ಒಂದು ಮಾತು ಕೇಳ್ಲಿಕ್ಕೆ ಬಂದೆ," ಎಂದರು ಬೀರಾನರು. "ರಮೀಝ್ ಶುಕ್ರವಾರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗ್ತಾನೆ. ಯುದ್ಧ ಮುಗಿದ ಮೇಲೆ ಬರ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಹೋಗುವ ಮೊದಲು ಅಣ್ಣನ ಮುಖ ನೋಡಿ ಒಂದು ಸಲಾಂ ಹೇಳಿ ಹೋಗ್ಬೇಕು. ಅಷ್ಟೇ ನನ್ನ ಆಸೆ. ಆದರೆ ಸಮಿತಿಯ ಅವಧಿ ಇನ್ನೂ ಮುಗಿಯಲಿಲ್ಲ. ಮುಗಿಯುವುದು ಬರುವ ವಾರ. ನಿಯಮ ಬರೆದವರು ನೀವು. ಇದಕ್ಕೊಂದು ರಿಯಾಯ್ತಿ ಉಂಟಾ, ಹೇಳಿ."

ಮಾಸ್ಟ್ರಿಗೆ ಅರ್ಥವಾಗಲಿಲ್ಲ. "ಯಾವ ಅವಧಿ?" ಎಂದರು.

ಬೀರಾನರಿಗೆ ಕುವೈತಿನ ರಾಯ್ ಬಡಾವಣೆಯಲ್ಲಿ ಪರದೆಯ ಅಂಗಡಿ. ಹತ್ತು ವರ್ಷಗಳ ಹಿಂದೆ, ಕುವೈತಿಗೆ ಹಿಂದಿನ ಯುದ್ಧದ ಗಾಯ ಇನ್ನೂ ಆರದಿದ್ದ ಕಾಲದಲ್ಲಿ, ಊರಿಂದ ಮರಳಿ ಬಂದ ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಜಗಳಗಳು ಹೆಚ್ಚಿದ್ದವು. ಒಬ್ಬನ ಅಂಗಡಿಯಲ್ಲಿ ಇನ್ನೊಬ್ಬ ಕುಳಿತಿದ್ದ. ಒಬ್ಬನ ಹೊಲಿಗೆ ಮಿಷನ್ನು ಇನ್ನೊಬ್ಬನ ಮನೆಯಲ್ಲಿತ್ತು. ಪೋಲೀಸು, ಕೋರ್ಟು ಎಂದು ಹೋದರೆ ಇಕಾಮಾಕ್ಕೇ, ಎಂದರೆ ಅಲ್ಲಿ ವಾಸಿಸುವ ಪರವಾನಗಿಗೇ, ಸಂಚಕಾರ ಬರುವ ಭಯ. ಆಗ ಬೀರಾನರು ಹಿರಿಯರನ್ನು ಕೂಡಿಸಿ ರಾಜಿ ಮಾಡಿಸುವ ಮಸ್ಲಹತ್ ಸಮಿತಿಯನ್ನು ಕಟ್ಟಿದರು. ನಿಯಮಗಳನ್ನು ಯಾರಿಂದ ಬರೆಸುವುದು ಎಂದಾಗ ನೆನಪಿಗೆ ಬಂದವರು ಅನಂತರಾಮು ಮಾಸ್ಟ್ರು. ಒಂದೇ ತಾಲೂಕಿನವರು. ಇಂಡಿಯನ್ ಸ್ಕೂಲಿನಲ್ಲಿ ಚರಿತ್ರೆ ಕಲಿಸುವವರು. ಅವರ ಕಿಟಕಿಗಳಿಗೆಲ್ಲ ಬೀರಾನರದೇ ಪರದೆ.

ಮಾಸ್ಟ್ರು ಒಂದು ಸಂಜೆ ಕುಳಿತು ಬರೆದುಕೊಟ್ಟಿದ್ದರು. ಎಲ್ಲ ಸದಸ್ಯರೂ ಸೇರುವ ಮಹಾಸಭೆ, ಅದರಲ್ಲಿ ದೊಡ್ಡವನಿಗೂ ಚಿಕ್ಕವನಿಗೂ ಒಂದೊಂದೇ ಮತ. ವ್ಯಾಜ್ಯ ಕೇಳುವುದಕ್ಕೆ ಏಳು ಹಿರಿಯರ ಮಂಡಳಿ. ಪತ್ರವ್ಯವಹಾರಕ್ಕೆ ಕಾರ್ಯಾಲಯ, ಎಂದರೆ ಹಿರಿಯರಲ್ಲೊಬ್ಬನಾದ ಪುತ್ತಬ್ಬನ ಅಂಗಡಿಯ ಹಿಂದಿನ ಕೋಣೆ. ಮಂಡಳಿಯ ತೀರ್ಮಾನ ಸರ್ವಾನುಮತದಿಂದಲೇ ಆಗಬೇಕು. ಇದನ್ನೆಲ್ಲ ಎಲ್ಲಿಂದ ತೆಗೆದಿರಿ ಎಂದು ಬೀರಾನರು ಕೇಳಿದ್ದಕ್ಕೆ ಮಾಸ್ಟ್ರು, "ಲೀಗಿನಿಂದ" ಎಂದಿದ್ದರು. ಅದನ್ನು ಕೇಳಿದ ಪುತ್ತಬ್ಬ, "ಅಯ್ಯೋ ಬೀರಾನಾಕ, ಲೀಗು ಕೇರಳದವರ ಪಾರ್ಟಿ. ನಮಗೆ ರಾಜಕೀಯ ಬೇಡ ಮಾರಾಯ್ರೇ," ಎಂದು ಗಾಬರಿಪಟ್ಟಿದ್ದ. ಇದು ಆ ಲೀಗಲ್ಲ, ದೇಶದೇಶಗಳ ಜಗಳ ಬಿಡಿಸಲು ಜಿನೀವಾದಲ್ಲಿದ್ದ ಲೀಗು ಎಂದು ಅವನಿಗೆ ಒಪ್ಪಿಸುವುದರಲ್ಲಿ ಎರಡು ಕೆಟ್ಲು ಸುಲೈಮಾನಿ ಚಹಾ ಖಾಲಿಯಾಗಿತ್ತು.

ಸಮಿತಿ ಹೆಸರು ಮಾಡಿತು. ಬೀರಾನರು ಯಾರ ಮುಲಾಜಿಗೂ ನಿಯಮ ಸಡಿಲಿಸಿದವರಲ್ಲ. ಹಾಗಿರುವಾಗ ಕಳೆದ ವರ್ಷ ಜಗಳ ಅವರ ಮನೆಯೊಳಗೇ ಹುಟ್ಟಿತು. ಅಂಗಡಿಗೆ ಅವರ ಹೆಂಡತಿ ರಮ್ಲಾರ ಹೆಸರು: 'ರಮ್ಲಾ ಕರ್ಟನ್ಸ್'. ಹೆಸರು ಕೇಳಿದ ಕುವೈತಿ ಗಿರಾಕಿಯೊಬ್ಬ, "ರಮ್ಲ ಅಂದರೆ ನಮ್ಮಲ್ಲಿ ಮರಳು. ಮರಳನ್ನು ಹೊರಗಿಡಲಿಕ್ಕೆ ಪರದೆ ಹಾಕುತ್ತೇವೆ, ನೀನು ಮರಳನ್ನೇ ಮಾರುತ್ತೀಯಲ್ಲ" ಎಂದು ನಕ್ಕಿದ್ದನ್ನು ರಮ್ಲಾ ಬಹಳ ದಿನ ಹೇಳಿಕೊಂಡು ನಗುತ್ತಿದ್ದರು. ಹಿರಿಯ ಮಗ ಶಾಹುಲ್ ಹಮೀದ್ ಅಂಗಡಿಯ ಯಜಮಾನಿಕೆ ವಹಿಸಿಕೊಂಡ ಮೇಲೆ ಕಿರಿಯ ರಮೀಝ್‌ಗೂ ಅವನಿಗೂ ಸರಿಬರಲಿಲ್ಲ. ರಮೀಝ್ ಹೊರಬಿದ್ದು, ಅದೇ ರಸ್ತೆಯ ಎದುರು ಬದಿಯಲ್ಲಿ ತನ್ನ ಅಂಗಡಿ ತೆರೆದು, ಅದರ ಮೇಲೂ 'ರಮ್ಲಾ ಕರ್ಟನ್ಸ್' ಎಂದೇ ಬೋರ್ಡು ಹಾಕಿದ. ಅಣ್ಣ ಬೋರ್ಡು ಇಳಿಸು ಎಂದ. ಉಮ್ಮ ಹೆತ್ತದ್ದು ನಿನ್ನೊಬ್ಬನನ್ನೇನಾ ಎಂದ ತಮ್ಮ.

ವ್ಯಾಜ್ಯ ಸಮಿತಿಗೆ ಬಂತು. ಹೆಸರು ಇಬ್ಬರಿಗೂ ಇರಲಿ ಎಂದು ಆರು ಮಂದಿ ಒಂದು ಮಾತಿಗೆ ಬಂದರು. ಪುತ್ತಬ್ಬ ಒಬ್ಬ ಒಪ್ಪಲಿಲ್ಲ. ಅವನು ಶಾಹುಲನಿಗೆ ಹೆಣ್ಣು ಕೊಟ್ಟ ಮಾವ. ಅಳಿಯನ ಮನೆಯಲ್ಲಿ ಉಣ್ಣುವವನು ಹೇಗೆ ಒಪ್ಪಿಯಾನು? ತೀರ್ಮಾನ ಬಿದ್ದುಹೋಯಿತು. ಉಳಿದದ್ದು ಮೂರು ತಿಂಗಳ ನಿಯಮ ಒಂದೇ. ಅದನ್ನು ಬೀರಾನರು ಇತರರಿಗೆ ವಿಧಿಸಿದ ಹಾಗೆಯೇ ತಮ್ಮ ಮಕ್ಕಳಿಗೂ ವಿಧಿಸಿದರು.

"ಯಾವ ಅವಧಿ ಅಂತ ಕೇಳ್ತೀರಲ್ಲ ಮಾಸ್ಟ್ರೇ," ಎಂದರು ಈಗ. "ನೀವೇ ಬರೆದದ್ದು. ನಮ್ಮವರಿಗೆಲ್ಲ ಬಾಯಿಪಾಠ. 'ಮಂಡಳಿಯು ವ್ಯಾಜ್ಯವನ್ನು ಆಲಿಸಿದ ತರುವಾಯ ಮೂರು ತಿಂಗಳ ಪರ್ಯಂತ ಉಭಯಪಕ್ಷದವರೂ ಪರಸ್ಪರ ಎದುರಾಗತಕ್ಕದ್ದಲ್ಲ.'"

"ಹೌದು, ನಾನೇ ಬರೆದದ್ದು. ಅದಕ್ಕೂ ಸಲಾಮಿಗೂ ಎಂತ ಸಂಬಂಧ?"

"ಎದುರಾಗಬಾರದಲ್ಲ!"

"ಎದುರಾಗಬಾರದು ಅಂದ್ರೆ?"

"ಅಂದ್ರೆ ಎದುರಾಗಬಾರದು. ಮುಖಾಮುಖಿ ಬರಬಾರದು. ಒಬ್ಬ ಹೋಗುವ ಪಳ್ಳಿಗೆ ಇನ್ನೊಬ್ಬ ನಮಾಜಿಗೆ ಹೋಗಬಾರದು. ಒಬ್ಬ ಬರುವ ಮದುವೆಗೆ ಇನ್ನೊಬ್ಬ ಬರಬಾರದು. ಹತ್ತು ವರ್ಷದಿಂದ ಹಾಗೆಯೇ ನಡೆಸಿಕೊಂಡು ಬಂದಿದ್ದೇವೆ. ಮುಖ ನೋಡದಿದ್ರೆ ಸಿಟ್ಟು ಇಳೀತದೆ ಅಂತ ತಾನೇ ನೀವು ಬರೆದದ್ದು?"

ಅನಂತರಾಮು ಮಾಸ್ಟ್ರು ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಮೊದಲು ನಗು ಬರುವ ಹಾಗಿತ್ತು. ಬೀರಾನರನ್ನು ನೋಡಿ ಅದು ನಿಂತಿತು.

"ಕೂರಿ ಬ್ಯಾರಿಗಳೇ," ಎಂದರು. "ಹೇಳ್ತೇನೆ."

ಬೀರಾನರು ಕುಳಿತರು.

"ಮೊದಲನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತರಲ್ಲ, ಇನ್ನು ಮುಂದೆ ಹಾಗೆ ಆಗಬಾರದು ಅಂತ ಆ ಲೀಗನ್ನು ಕಟ್ಟಿದ್ದು. ನಮ್ಮ ಕನ್ನಡ ಪುಸ್ತಕದಲ್ಲಿ ರಾಷ್ಟ್ರಸಂಘ ಅಂತ ಓದಿದ್ದೆ ನಾನು. ಮಹಾಸಭೆ, ಮಂಡಳಿ, ಜಿನೀವಾದಲ್ಲಿ ಕಾರ್ಯಾಲಯ, ಹೇಗ್ ಅಂತ ಒಂದು ಊರಿನಲ್ಲಿ ನ್ಯಾಯಾಲಯ. ಎರಡು ದೇಶಕ್ಕೆ ಜಗಳವಾದ್ರೆ ಇವರ ಮುಂದೆ ತರಬೇಕು. ತಂದ ಮೇಲೆ, ತೀರ್ಪು ಏನೇ ಬರ್ಲಿ, ಮೂರು ತಿಂಗಳು ಯುದ್ಧ ಶುರು ಮಾಡ್ಲಿಕ್ಕಿಲ್ಲ. ಆ ಮೂರು ತಿಂಗಳು ಯಾತಕ್ಕೆ ಗೊತ್ತುಂಟಾ? ಕೂತು ಮಾತಾಡ್ಲಿಕ್ಕೆ. ಸ್ವೀಡನ್ನಿಗೂ ಫಿನ್ಲೆಂಡಿಗೂ ದ್ವೀಪದ ಜಗಳ ಇತ್ತು. ಲೀಗು ಕೂತು ಕೇಳಿ, ಬಗೆಹರಿಸಿತು. ನಿಮಗೆ ಬರೆದುಕೊಡುವಾಗ ನಾನು ಯೋಚನೆ ಮಾಡಿದೆ, ಪರದೆ ಮಾರುವವರ ಜಗಳಕ್ಕೆ 'ಯುದ್ಧ' ಅಂತ ಬರೆದ್ರೆ ನಗ್ತಾರೆ ಅಂತ. ಅದಕ್ಕೆ 'ಎದುರಾಗತಕ್ಕದ್ದಲ್ಲ' ಅಂತ ಹಾಕಿದೆ. ಎದುರು ನಿಂತು ಹೊಡೆದಾಡಬಾರದು ಅಂತ ಅರ್ಥ. ಮುಖ ನೋಡಬಾರದು ಅಂತ ಅಲ್ಲ. ಮುಖ ನೋಡದೆ ರಾಜಿ ಆಗುವುದು ಹೇಗೆ ಮಾರಾಯ್ರೇ?"

ಬೀರಾನರು ತಲೆಯ ಮೇಲಿನ ಬಿಳಿ ಟೊಪ್ಪಿಯನ್ನು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು.

"ನಮ್ಮ ಉಸ್ತಾದರು ಒಮ್ಮೆ ಹೇಳಿದ್ದರು," ಎಂದರು. "ಬೀರಾನಾಕ, ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ದೀನಿನಲ್ಲಿ, ನಮ್ಮ ಧರ್ಮದಲ್ಲಿ, ಇಲ್ಲವಲ್ಲ, ನಿಮ್ಮ ಸಮಿತಿಯಲ್ಲಿ ಮೂರು ತಿಂಗಳು ಹೇಗೆ ಬಂತು ಅಂತ. ನಾನು ಅಂದೆ, ಇದು ಹಗೆತನದಿಂದ ಮಾತು ಬಿಡುವುದಲ್ಲ ಉಸ್ತಾದ್, ಶಾಂತಿಗಾಗಿ ಬಿಡುವುದು, ಕಲಿತವರು ಬರೆದದ್ದು ಅಂತ."

"ನನ್ನ ಕನ್ನಡವೇ ಹಾಳಾಗ್ಲಿ," ಎಂದರು ಮಾಸ್ಟ್ರು. "ಜಗಳ ಮಾಡಬಾರದು ಅಂತ ಬರೆದಿದ್ರೆ ಮುಗಿದಿತ್ತು."

"ಆಸ್ಪತ್ರೆಯಲ್ಲಿ ಸರದಿ ಹಾಕಿದವ ನಾನು ಮಾಸ್ಟ್ರೇ."

ಮಾಸ್ಟ್ರು ತಲೆಯೆತ್ತಿದರು.

"ರಮ್ಲಾ ಮಲಗಿದ್ದಾಗ. ಬೆಳಿಗ್ಗೆ ಶಾಹುಲ್, ಸಂಜೆ ರಮೀಝ್. ಒಬ್ಬ ಲಿಫ್ಟಿನಲ್ಲಿ ಇಳಿದ ಮೇಲೆ ಇನ್ನೊಬ್ಬನಿಗೆ ನಾನೇ ಫೋನ್ ಮಾಡಿ ಬಾ ಅಂತ ಹೇಳ್ತಿದ್ದೆ. ಎದುರಾಗಬಾರದು ಅಂತ. ಇಬ್ಬರೂ ಒಟ್ಟಿಗೆ ಬರ್ಲಿ, ಒಮ್ಮೆ ಒಟ್ಟಿಗೆ ನೋಡ್ತೇನೆ ಅಂತ ಅವಳು ಕೇಳಿದಳು. ಸ್ವಲ್ಪ ತಾಳು, ಅವಧಿ ಮುಗೀಲಿ ಅಂದೆ. ಊರಿನವರಿಗೆಲ್ಲ ಒಂದು ನಿಯಮ, ನನ್ನ ಮನೆಗೊಂದು ನಿಯಮ ಆಗ್ತದಾ ಅಂತ ಅವಳಿಗೇ ಬುದ್ಧಿ ಹೇಳಿದೆ. ಅವಳು ಆಯ್ತು ಅಂದಳು. ಯಾವತ್ತೂ ಆಯ್ತು ಅಂತ್ಲೇ ಹೇಳುವವಳು."

ಜನವರಿಯ ಕೊನೆಯಲ್ಲಿ ರಮ್ಲಾ ತೀರಿಕೊಂಡಿದ್ದರು. ಸುಲೈಬಿಖಾತಿನ ದಫನ ಭೂಮಿಯಲ್ಲಿ ಮಣ್ಣು ಕೊಡುವಾಗಲೂ ಮಕ್ಕಳಿಬ್ಬರು ಗುಂಪಿನ ಎರಡು ತುದಿಯಲ್ಲಿ ನಿಂತಿದ್ದರು. ಒಬ್ಬ ಬಂದು ಮೂರು ಹಿಡಿ ಮಣ್ಣು ಹಾಕಿ ಸರಿದ ಮೇಲೆಯೇ ಇನ್ನೊಬ್ಬ ಮುಂದೆ ಬಂದ. ಎಷ್ಟು ಅಚ್ಚುಕಟ್ಟಾಗಿ ನಿಯಮ ಪಾಲಿಸಿದರು ಎಂದು ಸಮಿತಿಯವರು ಆಮೇಲೆ ಹೊಗಳಿದ್ದೂ ಉಂಟು.

ಹೊರಗೆ ದೊಡ್ಡ ಲಾರಿಗಳ ಸಾಲೊಂದು ಹೋದ ಸದ್ದಿಗೆ ಕಿಟಕಿಯ ಪ್ಲಾಸ್ಟಿಕ್ ನಡುಗಿತು.

"ನಿಮ್ಮ ಆ ಲೀಗು ಕೊನೆಗೆ ಎಂತ ಆಯ್ತು?" ಎಂದು ಕೇಳಿದರು ಬೀರಾನರು. ಕೇಳಬೇಕೆಂದಲ್ಲ, ಎದ್ದು ಹೋಗುವ ಮೊದಲು ಏನಾದರೊಂದು ಮಾತು ಬೇಕಿತ್ತು.

"ಎಂತ ಆಗುವುದು. ಅವರ ಹತ್ರ ಸೈನ್ಯ ಇರ್ಲಿಲ್ಲ. ಸರ್ವಾನುಮತ ಬೇಕು ಅಂದದ್ದರಿಂದ ಒಬ್ಬ ಬೇಡ ಅಂದ್ರೆ ಎಲ್ಲ ನಿಲ್ತಿತ್ತು, ನಿಮ್ಮ ಪುತ್ತಬ್ಬನ ಹಾಗೆ. ಹೇಳಿದ್ದು ಹಿಡಿಸದಿದ್ರೆ ಜಪಾನಿನವರು ಎದ್ದು ಹೋದರು, ಜರ್ಮನಿಯವರು ಎದ್ದು ಹೋದರು. ಅಮೆರಿಕದವರು ಕಟ್ಟಿಸುವಾಗ ಮುಂದೆ ಇದ್ದರು, ಒಳಗೆ ಬರ್ಲೇ ಇಲ್ಲ. ಜಿನೀವಾದಲ್ಲಿ ದೊಡ್ಡ ಅರಮನೆಯಂಥ ಕಟ್ಟಡ ಕಟ್ಟಿದರು. ಕಟ್ಟಿ ಮುಗಿಯುವಾಗ ಒಳಗೆ ಜೀವ ಇರ್ಲಿಲ್ಲ. ಎರಡನೇ ಯುದ್ಧ ಆಗಿಯೇ ಹೋಯಿತು." ಮಾಸ್ಟ್ರು ಕಿಟಕಿಯ ಕಡೆ ನೋಡಿದರು. "ನಿನ್ನೆ ಈ ಪಾಠ ಮಾಡಿದೆ. ಅರ್ಧ ಬೆಂಚು ಖಾಲಿ. ಒಬ್ಬಳು ಎದ್ದು ಕೇಳಿದಳು, ಸರ್, ಹಾಗಾದ್ರೆ ಅದು ದಂಡವಾ ಅಂತ. ಪರೀಕ್ಷೆಗೆ ಉದ್ದೇಶಗಳು ಮತ್ತು ರಚನೆ ಓದಿಕೊಳ್ಳಿ ಅಂದೆ."

ಬೀರಾನರು ಟೊಪ್ಪಿ ಇಟ್ಟುಕೊಂಡು ಎದ್ದರು. ಬಾಗಿಲ ತನಕ ಬಂದ ಮಾಸ್ಟ್ರು ಅವರ ತೋಳು ಹಿಡಿದುಕೊಂಡರು.

"ನನ್ನ ಮೇಲೆ ಬೇಜಾರ ಬ್ಯಾರಿಗಳೇ?"

"ಇಲ್ಲ ಮಾಸ್ಟ್ರೇ. ಆ ಮಾತಿಗೆ ಎರಡು ಅರ್ಥ ಉಂಟು. ಹತ್ತು ವರ್ಷದಲ್ಲಿ ಒಮ್ಮೆಯಾದರೂ ನಾನು ಕೇಳಬಹುದಿತ್ತು."

ಮರುದಿನ ಸಂಜೆಯ ಅಸರ್ ನಮಾಜಿನ ನಂತರ ಉಮ್ಮನ ಕಬರಿನ ಬಳಿಗೆ ಬಾ ಎಂದು ಬೀರಾನರು ರಮೀಝ್‌ಗೆ ಫೋನಿನಲ್ಲಿ ಹೇಳಿದರು. ಹೋಗುವ ಮೊದಲು ಹೇಗೂ ಬರುವವನಿದ್ದೆ ಬಾಪ ಎಂದ ಅವನು. ತಾವು ಶಾಹುಲನ ಜೊತೆ ಅವನ ಕಾರಿನಲ್ಲಿ ಹೊರಟರು. ದಾರಿಯಲ್ಲಿ, ರಾಯ್‌ನ ಮುಚ್ಚಿದ ಅಂಗಡಿಗಳ ಸಾಲು ದಾಟುವಾಗ, ಮಾಸ್ಟ್ರು ಹೇಳಿದ್ದನ್ನೆಲ್ಲ ಮಗನಿಗೆ ಹೇಳಿದರು. ಮುಚ್ಚಿಡಲಿಲ್ಲ.

ಶಾಹುಲ್ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ಹಾಗಾದ್ರೆ ಉಮ್ಮ ಕೇಳಿದಾಗ ನಾವು ಒಟ್ಟಿಗೆ ಬರಬಹುದಿತ್ತಾ ಬಾಪ?"

"ಬರಬಹುದಿತ್ತು."

"ನಾನು ನಿಮ್ಮ ಹತ್ರ ಕೇಳಿದ್ದೆ. ಒಂದು ಸಲಕ್ಕೆ ಬಿಡಿ ಅಂತ."

"ಹೌದು, ನೀನು ಕೇಳಿದ್ದೆ. ನಾನು ಬಿಡ್ಲಿಲ್ಲ."

ಶಾಹುಲ್ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಮುಂದೆ ನೋಡುತ್ತ ಕುಳಿತ. ಬಯ್ಯುವನೇನೋ ಎಂದು ಬೀರಾನರು ಕಾದರು. ಬಯ್ದಿದ್ದರೆ ಒಳ್ಳೆಯದಿತ್ತು ಎಂದೂ ಅವರಿಗೆ ಅನ್ನಿಸಿತು. ಅವನು ಬಯ್ಯಲಿಲ್ಲ. ಕಾರನ್ನು ಮತ್ತೆ ರಸ್ತೆಗೆ ತಂದು, ತುಸು ದೂರ ಹೋದ ಮೇಲೆ, "ಅವನನ್ನೂ ಕರೆದಿದ್ದೀರಿ ಅಲ್ವಾ?" ಎಂದ.

"ಕರೆದಿದ್ದೇನೆ."

"ಬರ್ಲಿ. ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಮಾತಾಡುವವ ನಾನಲ್ಲ. ಬೋರ್ಡು ಹಾಕಿ ಜಗಳ ಶುರು ಮಾಡಿದ್ದು ಅವನು."

"ಅಂಗಡಿ ಕೀ ಕಿತ್ತುಕೊಂಡದ್ದು ನೀನು."

"ಅದು ಬೇರೆ ವಿಷಯ."

ಜೀವಮಾನವಿಡೀ ಇನ್ನೊಬ್ಬರ ಜಗಳ ಬಿಡಿಸಿ ಬಿಡಿಸಿ ಬೀರಾನರಿಗೆ ಮಾತೇ ಸಾಕಾಗಿತ್ತು. ಸೃಷ್ಟಿಸಿದವನೇ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ, ಎಂದು ಮನಸ್ಸಿನಲ್ಲೇ ಅಂದುಕೊಂಡರು. ಇಷ್ಟು ವರ್ಷ ಏನೋ ಇತ್ತೆಂದು ತಿಳಿದಿದ್ದೆನಲ್ಲ ಎಂದು ಆಗಲೇ ನಾಚಿಕೆಯೂ ಆಯಿತು.

ದಫನ ಭೂಮಿಯಲ್ಲಿ ಜನವಿರಲಿಲ್ಲ. ಗಾಳಿ ಎದ್ದಿತ್ತು. ಸಾಲುಸಾಲು ಕಬರುಗಳ ಮೇಲೆ ಮರಳು ತೆಳ್ಳಗೆ ಓಡುತ್ತಿತ್ತು. ರಮ್ಲಾರ ತಲೆಯ ಕಡೆ ನೆಟ್ಟ ಕಲ್ಲು ಅರ್ಧ ಮುಚ್ಚಿಹೋಗಿತ್ತು. ಶಾಹುಲ್ ಗೇಟಿಗೆ ಬೆನ್ನುಮಾಡಿ ಮೊಣಕಾಲೂರಿ ಕುಳಿತು ಎರಡು ಕೈಯಿಂದಲೂ ಮರಳನ್ನು ಸರಿಸತೊಡಗಿದ. ಸರಿಸಿದಷ್ಟೂ ಮತ್ತೆ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನ ಭುಜಗಳು ಅಲುಗುವುದು ಕಂಡು ಬೀರಾನರು ಆ ಕಡೆ ನೋಡದೆ ಕುರಾನಿನ ಯಾಸೀನ್ ಅಧ್ಯಾಯ ಓದುತ್ತ ನಿಂತರು.

ರಮೀಝ್ ಬಂದದ್ದು ಅವರಿಗೂ ಕೂಡಲೇ ಗೊತ್ತಾಗಲಿಲ್ಲ. ಗಾಳಿಯ ಸದ್ದಿನಲ್ಲಿ ಕಾರಿನ ಸದ್ದು ಕೇಳಿರಲಿಲ್ಲ. ಅವನು ಮುಖಕ್ಕೆ ಕರವಸ್ತ್ರ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಮಣ್ಣಾದವರ ನಡುವೆ ಕಾಲಿಡುವಾಗ ಎಲ್ಲರೂ ಹೇಳುವಂತೆ, ಅಲ್ಲಿ ಮಲಗಿದವರೆಲ್ಲರಿಗೂ ಸೇರಿಸಿ ಗಟ್ಟಿಯಾಗಿ ಸಲಾಂ ಹೇಳಿದ.

"ಅಸ್ಸಲಾಮು ಅಲೈಕುಂ..."

ಮುಂದಿನ ಮಾತುಗಳನ್ನು ಗಾಳಿ ಹಾರಿಸಿಕೊಂಡು ಹೋಯಿತು. ಮರಳು ಸರಿಸುತ್ತಿದ್ದ ಶಾಹುಲ್, ತಲೆಯೆತ್ತದೆ, ಬೆನ್ನು ತಿರುಗಿಸದೆ, ಅಂಗಡಿಗೆ ಬಂದ ಗಿರಾಕಿಗೆ ಹೇಳುವಷ್ಟೇ ಸಹಜವಾಗಿ, ಬಾಲ್ಯದಿಂದ ನಾಲಗೆಗೆ ಅಂಟಿದ ಅಭ್ಯಾಸದಿಂದ, "ವ ಅಲೈಕುಮುಸ್ಸಲಾಂ" ಎಂದುಬಿಟ್ಟ.

ಹೇಳಿದ ಮೇಲೆ ತಿರುಗಿದ. ರಮೀಝ್ ನಿಂತಲ್ಲೇ ನಿಂತಿದ್ದ. ಕರವಸ್ತ್ರ ಕೆಳಗಿಳಿದಿತ್ತು. ಸತ್ತವರಿಗೆ ಹೇಳಿದ ಸಲಾಮಿಗೆ ಬದುಕಿದ್ದವನು ಉತ್ತರ ಕೊಟ್ಟಿದ್ದ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

"ನಾನು ಹೇಳಿದ್ದು ಇವರಿಗೆ," ಎಂದ ರಮೀಝ್, ಕಬರುಗಳ ಕಡೆ ಕೈ ತೋರಿಸಿ.

"ಗೊತ್ತುಂಟು," ಎಂದ ಶಾಹುಲ್. ಕೈಗೆ ಅಂಟಿದ ಮರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ. ಕಣ್ಣಿನ ಕೆಳಗೆ ಮರಳು ಒದ್ದೆಯಾಗಿ ಗೆರೆ ಕಟ್ಟಿತ್ತು. "ನಾಳೆ ಎಷ್ಟು ಹೊತ್ತಿಗೆ ಫ್ಲೈಟು?"

"ಮಧ್ಯಾಹ್ನ."

"ಏರ್‌ಪೋರ್ಟಿಗೆ ಯಾರು ಬಿಡುವುದು?"

"ಟ್ಯಾಕ್ಸಿಗೆ ಹೇಳಿದ್ದೇನೆ ಕಾಕ," ಎಂದ ರಮೀಝ್, ಅಣ್ಣನನ್ನು ಮೊದಲಿನಂತೆಯೇ ಕರೆದು.

"ಟ್ಯಾಕ್ಸಿ ಖಲಾಸ್. ಬೇಡ ಅಂತ ಹೇಳು."

ರಮೀಝ್ ಉಮ್ಮನ ಕಾಲಿನ ಕಡೆ ಬಂದು ಕುಳಿತ. ಅವನೂ ಮರಳು ಸರಿಸತೊಡಗಿದ. ತುಸು ಹೊತ್ತಿನ ಮೇಲೆ, ತಲೆ ತಗ್ಗಿಸಿಕೊಂಡೇ, "ಬೋರ್ಡಿನ ವಿಷಯ?" ಎಂದು ಕೇಳಿದ.

"ಅದು ಹಾಗೇ ಉಂಟು. ಬದುಕಿದ್ರೆ ಬಂದ ಮೇಲೆ ಜಗಳ ಮಾಡುವಾ."

"ಆಯ್ತು," ಎಂದ ರಮೀಝ್.

ಉಮ್ಮ ಹೇಳುತ್ತಿದ್ದ ಹಾಗೆಯೇ ಹೇಳಿದ. ಬೀರಾನರು ಮುಖ ತಿರುಗಿಸಿಕೊಂಡರು. ರಮ್ಲಾ, ಇಬ್ಬರೂ ಒಟ್ಟಿಗೆ ಬಂದಿದ್ದಾರೆ, ಎಂದು ತುಟಿಯೊಳಗೆ ಹೇಳಿದರು. ತಡವಾಯಿತು ಎಂದು ಹೇಳಲು ಹೊರಟು, ಅದು ಅವಳಿಗೆ ಗೊತ್ತಿರುವುದೇ ಎಂದು ಬಿಟ್ಟರು. ಮೂವರೂ ಕೈಯೆತ್ತಿ ದುಆ ಮಾಡಿದರು. ಬೀರಾನರ ದುಆ ಮುಗಿಯುವುದಕ್ಕೆ ಮಕ್ಕಳು ಬಹಳ ಹೊತ್ತು ಕಾಯಬೇಕಾಯಿತು.

ಗೇಟಿನ ಹೊರಗೆ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದೇ ಕಂಪನಿಯವು, ಎರಡಕ್ಕೂ ಬಿಳಿ ಬಣ್ಣ, ಎರಡರ ಬಾಗಿಲ ಮೇಲೂ 'ರಮ್ಲಾ ಕರ್ಟನ್ಸ್'.

"ಬಾಪ ನನ್ನ ಕಾರಿನಲ್ಲಿ ಬರ್ಲಿ," ಎಂದ ರಮೀಝ್. "ಮಕ್ಕಳು ಒಮ್ಮೆ ನೋಡಿಕೊಳ್ತಾರೆ."

"ಕರಕೊಂಡು ಬಂದವ ನಾನು. ನಾನೇ ಬಿಡ್ತೇನೆ."

"ನಾಳೆಯಿಂದ ದಿನಾ ನಿನ್ನ ಹತ್ರವೇ ಇರ್ತಾರಲ್ಲ."

"ಮಕ್ಕಳನ್ನು ನಾಳೆ ಏರ್‌ಪೋರ್ಟಿನಲ್ಲಿ ನೋಡ್ತಾರೆ."

"ಇದಕ್ಕೆ ಸಮಿತಿ ಕರೆಯಲಿಕ್ಕೆ ನನ್ನಿಂದಾಗುವುದಿಲ್ಲ," ಎಂದರು ಬೀರಾನರು.

ಹತ್ತಿರವಿದ್ದ ಕಾರಿನ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರು. ಅದು ಯಾರ ಕಾರು ಎಂದು ನೋಡಲಿಲ್ಲ.